ನಾರ್ಫೋಕ್ ಬ್ರಾಡ್ಸ್‌ನಲ್ಲಿ ದೋಣಿ ಹಿಡಿಯುವ ಮುನ್ನ: ಹಾಯಿಯವರು, ಮೋಟಾರಿನವರು, ಗಾಳದವರು

ಕಾರು ಓಡಿಸಲು ಪರೀಕ್ಷೆಯ ಮೇಲೆ ಪರೀಕ್ಷೆ ಇಡುವ ಇಂಗ್ಲೆಂಡಿನಲ್ಲಿ, ಮಲಗುವ ಕೋಣೆ, ಅಡುಗೆಮನೆ, ಶೌಚಾಲಯ ಎಲ್ಲವೂ ಇರುವ ಮೋಟಾರು ದೋಣಿಯನ್ನು ಯಾವ ಪರವಾನಗಿಯನ್ನೂ ಕೇಳದೆ ಕೈಗೆ ಕೊಟ್ಟುಬಿಡುತ್ತಾರೆ. ದೇಶದ ಪೂರ್ವ ಅಂಚಿನ ನಾರ್ಫೋಕ್ ಬ್ರಾಡ್ಸ್‌ನಲ್ಲಿ ರಜೆಯ ವ್ಯಾಪಾರ ನಡೆಯುವುದೇ ಹೀಗೆ. ದೋಣಿ ಬಾಡಿಗೆಗೆ ಕೊಡುವವರು ಸ್ವಲ್ಪ ದೂರ ಜೊತೆಗೆ ಬಂದು ಚುಕ್ಕಾಣಿ ಹಿಡಿಯುವುದು, ಹಿಂದಕ್ಕೆ ತೆಗೆಯುವುದು, ಹಗ್ಗ ಕಟ್ಟುವುದು ತೋರಿಸಿ ಇಳಿದು ಹೋಗುತ್ತಾರೆ. ಆಮೇಲೆ ನೀವುಂಟು, ನದಿಯುಂಟು. ಅಷ್ಟು ಪಾಠ ದೋಣಿಗೆ ಸಾಕು. ಅದೇ ನೀರಿನಲ್ಲಿರುವ ಬೇರೆಯವರ ಜೊತೆ ಹೇಗೆ ಹೊಂದಿಕೊಳ್ಳಬೇಕು ಎಂಬುದನ್ನು ಮಾತ್ರ ಅಷ್ಟು ಹೊತ್ತಿನಲ್ಲಿ ಯಾರೂ ಕಲಿಸಲಾರರು.

ಹೋಗುವ ದಾರಿ ಸುಲಭ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ನಾರಿಚ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ಸಣ್ಣ ರೈಲಿನಲ್ಲಿ ಕಾಲು ಗಂಟೆ ಹೋದರೆ ರಾಕ್ಸಮ್. ಸುಮಾರು 200 ಕಿ.ಮೀ. ಜಲಮಾರ್ಗ ಇಲ್ಲಿದೆ. ‘ಬ್ರಾಡ್’ ಎಂದು ಕರೆಯುವ ಕೆರೆಗಳು ನೋಡಲು ನಿಸರ್ಗದ ಸೃಷ್ಟಿಯಂತೆಯೇ ಕಾಣುತ್ತವೆ. ಆದರೆ ಅವು ಮಧ್ಯಯುಗದ ಜನ ಉರುವಲಿಗಾಗಿ ಪೀಟ್ ಮಣ್ಣು ಅಗೆದ ಗುಂಡಿಗಳು. ಮುಂದೆ ನೀರಿನ ಮಟ್ಟ ಏರಿ ತುಂಬಿಕೊಂಡವು. 1950ರ ದಶಕದಲ್ಲಿ ಸಸ್ಯವಿಜ್ಞಾನಿ ಜಾಯ್ಸ್ ಲ್ಯಾಂಬರ್ಟ್ ಇದನ್ನು ತೋರಿಸಿಕೊಡುವವರೆಗೂ ಇವು ಸಹಜ ಕೆರೆಗಳೆಂದೇ ಹೆಚ್ಚಿನವರು ತಿಳಿದಿದ್ದರು. ಕೆರೆಗಳು ಅಗಲ, ಅವುಗಳನ್ನು ಕೂಡಿಸುವ ನದಿಗಳು ಇಕ್ಕಟ್ಟು. ಜಗಳವೆಲ್ಲ ನದಿಯಲ್ಲೇ.

ಮೊದಲ ನಿಯಮ: ರಸ್ತೆಯಲ್ಲಿ ಎಡ, ನೀರಿನಲ್ಲಿ ಬಲ. ಎರಡನೆಯದು: ಹಾಯಿದೋಣಿಗೆ ಮೋಟಾರು ದೋಣಿ ದಾರಿ ಬಿಡಬೇಕು. ಕೇಳಲು ಸರಳ. ಆದರೆ ಬ್ಯೂರ್ ನದಿಯಲ್ಲಿ ರಾಕ್ಸಮ್ ದಾಟಿ ಹಾರ್ನಿಂಗ್ ಕಡೆಗೆ ಹೊರಟಾಗ ಎರಡೂ ನಿಯಮಗಳು ಒಟ್ಟಿಗೆ ಎದುರಾಗುತ್ತವೆ. ಹಾಯಿದೋಣಿ ಗಾಳಿಗೆದುರಾಗಿ ನೇರ ಹೋಗಲಾರದು. ಒಂದು ದಡದಿಂದ ಇನ್ನೊಂದು ದಡಕ್ಕೆ ಓರೆಯಾಗಿ ಹಾಯುತ್ತಾ ಮುಂದೆ ಸಾಗಬೇಕು. ದಡದ ಮರಗಳು ಗಾಳಿಯನ್ನು ತಡೆದರೆ ನಡುನೀರಿನಲ್ಲೇ ನಿಂತುಬಿಡುತ್ತದೆ.

ಹಾರ್ನಿಂಗ್ ಹತ್ತಿರ ನನ್ನ ಹೆಂಡತಿಯ ತಮ್ಮ ಚುಕ್ಕಾಣಿ ಹಿಡಿದಿದ್ದ. ಎದುರಿನಿಂದ ಬಂದ ಸಣ್ಣ ಹಾಯಿದೋಣಿಯೊಂದು ತನ್ನ ಬದಿ ಬಿಟ್ಟು ನಮ್ಮತ್ತಲೇ ತಿರುಗಿತು. “ಭಾವ, ಇವರು ನಮ್ಮ ಮೇಲೇ ಬರುತ್ತಿದ್ದಾರಲ್ಲ!” ಎಂದ. “ವೇಗ ಇಳಿಸು, ಆದರೆ ತಿರುಗಿಸಬೇಡ,” ಎಂದೆ. ಚುಕ್ಕಾಣಿಯಲ್ಲಿದ್ದ ಮುದುಕರು ನಮ್ಮನ್ನೊಮ್ಮೆ ನೋಡಿ, ಹೆಬ್ಬೆರಳಿನಿಂದ ತಮ್ಮ ಬೆನ್ನ ಹಿಂದಕ್ಕೆ ತೋರಿಸಿದರು: ನನ್ನ ಹಿಂದಿನಿಂದ ಹೋಗಿ. ಇನ್ನೇನು ತಾಗಿತು ಎನ್ನುವಷ್ಟರಲ್ಲಿ ಅವರ ದೋಣಿ ಗಿರಕ್ಕನೆ ತಿರುಗಿತು. ಹಾಯಿಯ ಅಡಿಮರ ಅವರ ತಲೆಯ ಮೇಲಿನಿಂದ ಆಚೆ ಬದಿಗೆ ಹಾಯಿತು, ಪಟಪಟ ಬಡಿದುಕೊಂಡ ಬಟ್ಟೆ ಮತ್ತೆ ಗಾಳಿ ತುಂಬಿ ಬಿಗಿಯಾಯಿತು, ನಮ್ಮ ಮುಂದೆ ನೀರು ಖಾಲಿ. ನಮ್ಮ ಹಿಂದಿದ್ದ ದೋಣಿಯವರು ಮಾತ್ರ ಕಾಯಲಿಲ್ಲ. ಎಂಜಿನ್ ಏರಿಸಿ, ಮುಂದಿನ ಹಾಯಿದೋಣಿಯ ಮೂಗಿನ ಮುಂದೆಯೇ ನುಗ್ಗಿದರು. ಇಂಗ್ಲಿಷರು ಮೆದುಮಾತಿನವರು ಎಂಬ ನಂಬಿಕೆ ನಿಮಗಿದ್ದರೆ ಆಗ ಅಲ್ಲಿರಬೇಕಿತ್ತು.

ಹಾಗಾಗಿ ಹಾಯಿದೋಣಿ ಕಂಡರೆ ನಿಧಾನಿಸಿ, ಬಲಬದಿ ಹಿಡಿದು, ಒಂದೇ ದಿಕ್ಕಿನಲ್ಲಿ ಸಾಗಿ. ಅದು ನಿಮ್ಮ ದಡ ಬಿಟ್ಟು ಆಚೆಗೆ ತಿರುಗಿದ ಮೇಲೆ ಹಿಂದಿನಿಂದ ದಾಟಿ. ಹಿಂದೆ ಹಾಕಬೇಕಾದರೆ ಅವರು ಕೈಬೀಸುವವರೆಗೆ ಕಾಯಿರಿ. ಅತಿ ಮರ್ಯಾದೆಯೂ ಅಪಾಯವೇ: ದಾರಿ ಬಿಡುತ್ತೇನೆಂದು ಅತ್ತಿತ್ತ ತಿರುಗಿಸಿದರೆ ಅವರ ಲೆಕ್ಕ ತಪ್ಪುತ್ತದೆ.

ಹಾಯಿಯವರೆಲ್ಲ ಸಾಧುಗಳೆಂದೇನೂ ಅಲ್ಲ. ಬಾಡಿಗೆ ದೋಣಿಯವರನ್ನು ಕಂಡರೆ ಮೂಗು ಮುರಿಯುವವರಿದ್ದಾರೆ. ದೊಡ್ಡ ಮೋಟಾರು ದೋಣಿಗೆ ಬ್ರೇಕ್ ಇಲ್ಲ, ವೇಗ ಇಳಿದಷ್ಟೂ ಚುಕ್ಕಾಣಿಯ ಮಾತು ಕೇಳುವುದಿಲ್ಲ, ಅಡ್ಡಗಾಳಿಗೆ ಪಕ್ಕಕ್ಕೆ ಜಾರುತ್ತದೆ ಎಂಬುದನ್ನು ಅವರೂ ಮರೆಯುತ್ತಾರೆ. ಪಂದ್ಯದ ದಿನ ಇದು ಹೆಚ್ಚು. ಮೇ ಕೊನೆ ಅಥವಾ ಜೂನ್ ಮೊದಲಲ್ಲಿ ಹಾರ್ನಿಂಗ್‌ನಿಂದ ಹೊರಡುವ, 24 ಗಂಟೆಗಳ ‘ತ್ರೀ ರಿವರ್ಸ್ ರೇಸ್’ ಇರುತ್ತದೆ. ಬ್ಯೂರ್, ಆಂಟ್, ಥರ್ನ್ ನದಿಗಳ ತುಂಬ ಹಾಯಿ. ದಡದಲ್ಲಿ ಕುಳಿತು ನೋಡಲು ಸೊಗಸು. ಹೊಸಬರು ಆ ವಾರಾಂತ್ಯದಲ್ಲಿ ಬಾಡಿಗೆ ದೋಣಿ ಹಿಡಿಯಬೇಡಿ. ಕರಿಯ ಹಾಯಿಯ ಹಳೆಯ ಸರಕುದೋಣಿ ‘ಆಲ್ಬಿಯನ್’ ಎದುರಾದರಂತೂ ಎಲ್ಲರೂ ಸರಿದು ನಿಲ್ಲುವುದೇ ವಾಸಿ. 1898ರಲ್ಲಿ ಕಟ್ಟಿದ್ದು, ಎಂಜಿನ್ ಇಲ್ಲ.

ಗಾಳದವರು ಬೇರೆಯೇ ಪಂಗಡ. ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಯಲ್ಲಿ ಮೀನು ಹಿಡಿಯುವಂತಿಲ್ಲ. ಜೂನ್ 16ರಿಂದ ದಡದ ಜೊಂಡಿನ ನಡುವೆ ಹಸಿರು ಕೊಡೆಗಳು ಏಳುತ್ತವೆ. ಉದ್ದನೆಯ ಗಾಳದ ಕೋಲು ನೀರಿಗೆ ಅಡ್ಡಲಾಗಿ ಚಾಚಿರುತ್ತದೆ, ದೋಣಿ ತೀರ ಹತ್ತಿರ ಬಂದಾಗಷ್ಟೇ ಮೇಲೆತ್ತುತ್ತಾರೆ. ಎದುರಿನಿಂದ ಯಾರೂ ಬರದಿದ್ದರೆ ನಡುನೀರಿಗೆ ಸರಿದು ಮೆಲ್ಲಗೆ ದಾಟಿ. ನಮಸ್ಕಾರಕ್ಕೆ ಉತ್ತರ ಬರದಿದ್ದರೆ ಬೇಸರ ಬೇಡ. ಅವರ ಸಿಟ್ಟೆಲ್ಲ ಅಲೆಯ ಮೇಲೆ. ವೇಗದ ಮಿತಿ ಜಾಗಕ್ಕೆ ತಕ್ಕಂತೆ ಗಂಟೆಗೆ 3ರಿಂದ 6 ಮೈಲಿ, ದಡದಲ್ಲಿ ಫಲಕಗಳಿವೆ. ಆದರೆ ಫಲಕಕ್ಕಿಂತ ನಿಮ್ಮ ಹಿಂದಿನ ನೀರನ್ನು ನೋಡಿ. ಅಲೆ ದಡಕ್ಕೆ ಬಡಿದು ಒಡೆಯುತ್ತಿದ್ದರೆ ವೇಗ ಹೆಚ್ಚಾಗಿದೆ. ಆ ಅಲೆ ಜೊಂಡಿನ ಬೇರಿನ ಮಣ್ಣನ್ನು ಕೊರೆಯುತ್ತದೆ, ಕಟ್ಟಿ ನಿಲ್ಲಿಸಿದ ದೋಣಿಯೊಳಗಿನ ಚಹಾವನ್ನೂ ಚೆಲ್ಲುತ್ತದೆ.

ಸಂಜೆಯ ತಕರಾರು ಜಾಗದ್ದು. ರಾನ್‌ವರ್ತ್‌ನಂಥ ಕಡೆ ಬೇಸಿಗೆಯಲ್ಲಿ ಮಧ್ಯಾಹ್ನವೇ ದೋಣಿಕಟ್ಟೆ ತುಂಬುತ್ತದೆ; ಮೂರು ಗಂಟೆಯೊಳಗೆ ತಲುಪಿ. ಜಾಗ ಇಲ್ಲದಿದ್ದರೆ ಇನ್ನೊಂದು ದೋಣಿಯ ಪಕ್ಕಕ್ಕೆ ಕಟ್ಟುವ ರೂಢಿ ಕೆಲವೆಡೆ ಇದೆ, ಆದರೆ ಕೇಳಿಯೇ ಕಟ್ಟಬೇಕು. ಅವರ ದೋಣಿಯನ್ನು ಹಾದು ದಡಕ್ಕೆ ಹೋಗುವಾಗ ಮುಂಭಾಗದಿಂದ ದಾಟಿ, ಅವರು ಕುಳಿತ ಕಡೆಯಿಂದಲ್ಲ. ರಾತ್ರಿ ಎಂಟರ ನಂತರ ಎಂಜಿನ್ ಓಡಿಸಬೇಡಿ. ನಮ್ಮವರಿಗೆ ಇನ್ನೊಂದು ಮಾತು: ನೀರಿನ ಮೇಲೆ ಮೂರು ಚಿಕ್ಕ ಸೀಟಿ ಎಂದರೆ ‘ಎಂಜಿನ್ ಹಿಂದಕ್ಕೆ ಹಾಕಿದ್ದೇನೆ’ ಎಂದರ್ಥ. ಬೆಳಿಗ್ಗೆ ನಮ್ಮ ಬೇಳೆ ಮೂರನೆಯ ಸೀಟಿ ಹೊಡೆದಾಗ ಪಕ್ಕದ ದೋಣಿಯಿಂದ ಪೈಜಾಮದಲ್ಲೇ ಒಬ್ಬರು ಹೊರಬಂದು ನಮ್ಮ ಹಗ್ಗಗಳನ್ನು ನೋಡಿದರು. ಕುಕ್ಕರ್ ತೋರಿಸಿದ ಮೇಲೆ ನಕ್ಕರು, ಪೂರ್ತಿ ಮನಸ್ಸಿನಿಂದಲ್ಲ.

ಪಾಟರ್ ಹೈಯಮ್‌ನ ಹಳೆಯ ಕಲ್ಲುಸೇತುವೆಯ ಕೆಳಗೆ ಬಾಡಿಗೆ ದೋಣಿಯನ್ನು ಪೈಲಟ್ (ದೋಣಿ ದಾಟಿಸಿಕೊಡುವವರು) ಇಲ್ಲದೆ ಒಯ್ಯುವಂತಿಲ್ಲ. ಎಷ್ಟೋ ದೋಣಿಗಳು ಅಲ್ಲಿ ಹಿಡಿಸುವುದೂ ಇಲ್ಲ. ದಕ್ಷಿಣದ ನದಿಗಳಿಗೆ ಹೋಗಲು ಗ್ರೇಟ್ ಯಾರ್ಮತ್ ದಾಟಬೇಕು. ಅಲ್ಲಿ ಸಮುದ್ರದ ಉಬ್ಬರವಿಳಿತದ ಸೆಳೆತ ಜೋರು, ಇಳಿತ ಮುಗಿದು ನೀರು ತಟಸ್ಥವಾಗುವ ಹೊತ್ತನ್ನು ಕೇಳಿಕೊಂಡೇ ಹೊರಡಬೇಕು. ಮೊದಲ ಸಲಕ್ಕೆ ಉತ್ತರದ ನದಿಗಳೇ ಧಾರಾಳ.

ಸಾಧ್ಯವಾದರೆ ಮೋಟಾರು ದೋಣಿ ಹತ್ತುವ ಮುನ್ನ ಅರ್ಧ ದಿನ ಹಾಯಿದೋಣಿಯಲ್ಲಿ ಕುಳಿತು ಬನ್ನಿ. ಲಡಮ್‌ನ ಹಂಟರ್ಸ್ ಯಾರ್ಡ್‌ನಲ್ಲಿ ಎಂಜಿನ್ನೇ ಇಲ್ಲದ ಹಳೆಯ ಮರದ ದೋಣಿಗಳಿವೆ, ನಡೆಸುವವರ ಜೊತೆಯಲ್ಲೇ ಹೋಗಬಹುದು. ಗಾಳಿ ಬಿದ್ದರೆ ಉದ್ದನೆಯ ಗಳವನ್ನು ನದಿಯ ತಳಕ್ಕೂರಿ ನೂಕಬೇಕು. ಕೇಳಿದರೆ ನಿಮ್ಮ ಕೈಗೂ ಕೊಟ್ಟಾರು. ಮುಂಗಡ ಕಾದಿರಿಸಿ, ಜಾರದ ಅಡಿಯ ಬೂಟು ಹಾಕಿಕೊಳ್ಳಿ, ಜೂನ್ ಆದರೂ ಸ್ವೆಟರ್ ಬಿಡಬೇಡಿ.