ದೊಡ್ಡಮ್ಮನ ದಮ್ಮು ಅಳೆದ ದಿನ

ದೊಡ್ಡಮ್ಮನಿಗೆ ದಮ್ಮು ಶುರುವಾಗಿ ವರ್ಷಗಳೇ ಆಗಿದ್ದವು. ಚಳಿ ಬಿತ್ತೆಂದರೆ ಗೂರಲು. ಓಣಿಯ ಡಾಕ್ಟರ ಹತ್ತಿರ ಒಂದು ಇಂಜೆಕ್ಷನ್ನು, ಒಂದು ಸಿರಪ್ಪು, ನಾಲ್ಕು ದಿನ ಆರಾಮು, ಮತ್ತೆ ಅದೇ ಕತೆ. ಕಫ ಪರೀಕ್ಷೆಯಲ್ಲಿ ಟಿಬಿ ಇಲ್ಲ ಅಂತ ಬಂತು, ಎಕ್ಸ್‌ರೇಯಲ್ಲಿ ಅಂಥದ್ದೇನೂ ಕಾಣಲ್ಲ ಅಂದರು. ಬಿಪಿ ನೋಡಿದರು, ಶುಗರ್ ನೋಡಿದರು, ಇಸಿಜಿಯನ್ನೂ ಮಾಡಿದರು. ಉಸಿರಾಡೋಕೆ ಆಗಲ್ಲ ಅಂತ ಹೋದವಳ ಉಸಿರನ್ನು ಮಾತ್ರ ಯಾರೂ ಅಳೆದಿರಲಿಲ್ಲ. ಕೊನೆಗೆ ದಾವಣಗೆರೆಯಲ್ಲೇ ಶ್ವಾಸಕೋಶದ ಡಾಕ್ಟರೊಬ್ಬರು ಚೀಟಿಯಲ್ಲಿ ಪಿಎಫ್‌ಟಿ ಅಂತ ಬರೆದರು, ಅಂದರೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ.

ಬೆಳಗ್ಗೆ ಪಂಪ್ (ಇನ್ಹೇಲರ್) ಎಳೆಯಬಾರದು, ಹೊಟ್ಟೆ ಬಿರಿಯ ತಿನ್ನಬಾರದು ಅಂತ ಮೊದಲೇ ಹೇಳಿದ್ದರು. ಪಂಪ್ ಇಲ್ಲದೆ ಮೆಟ್ಟಿಲು ಹತ್ತಿದ ಸಿಟ್ಟು ಅವಳ ಮುಖದ ಮೇಲೇ ಇತ್ತು. ಪರೀಕ್ಷೆ ಮಾಡುವ ಹುಡುಗಿ ಮೊದಲು ಚಪ್ಪಲಿ ಬಿಡಿಸಿ ಎತ್ತರ ಅಳೆದಳು. "ಊದಾಕ ಎತ್ತರ ಯಾಕವ್ವ?" ಅಂದಳು ದೊಡ್ಡಮ್ಮ. ಪ್ರಶ್ನೆ ಸರಿಯಾದದ್ದೇ. 1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ಎಂಬ ವೈದ್ಯ, ನೀರಿನಲ್ಲಿ ಬೋರಲು ಹಾಕಿದ ಡಬ್ಬಿಯೊಳಗೆ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿ ಕಂಡುಕೊಂಡದ್ದು ಇದನ್ನೇ: ಎತ್ತರ ಹೆಚ್ಚಿದಂತೆ ಊದುವ ಗಾಳಿಯೂ ಹೆಚ್ಚು. ಈಗಿನ ಯಂತ್ರಕ್ಕೆ ವಯಸ್ಸು, ಹೆಣ್ಣೋ ಗಂಡೋ ಅನ್ನೋದೂ ಬೇಕು. ಇಷ್ಟು ಎತ್ತರದ, ಇಷ್ಟು ವಯಸ್ಸಿನ ಹೆಂಗಸು ಎಷ್ಟು ಊದಬೇಕು ಅಂತ ಅದು ಮೊದಲು ಲೆಕ್ಕ ಹಾಕಿಕೊಳ್ಳುತ್ತದೆ.

ಈಚೆಗೆ ಹಾರ್ಟ್ ಅಟ್ಯಾಕ್ ಆಗಿದೆಯಾ, ಕಣ್ಣಿನ ಆಪರೇಷನ್ ಆಗಿದೆಯಾ, ಕಫದಲ್ಲಿ ರಕ್ತ ಬಂದಿದೆಯಾ ಅಂತೆಲ್ಲ ಕೇಳಿಕೊಂಡ ಮೇಲೆ ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಟ್ಟಳು. ಅಲ್ಲಿಂದ ಶುರುವಾದದ್ದು ಪರೀಕ್ಷೆಯೋ ಕಬಡ್ಡಿಯೋ ಗೊತ್ತಾಗಲಿಲ್ಲ. "ಜೋರಾಗಿ ಎಳ್ಕೊಳ್ರಿ... ಊದ್ರಿ! ಊದ್ರಿ ಊದ್ರಿ ಊದ್ರಿ, ಬಿಡಬ್ಯಾಡ್ರಿ, ಇನ್ನೂ ಐತಿ, ಇನ್ನೂ ಐತಿ!" ಆರು ಸೆಕೆಂಡಾದರೂ ಊದಬೇಕಂತೆ. ದೊಡ್ಡಮ್ಮ ಮೊದಲ ಸಲ ತುಟಿಯ ಸಂದಿಯಿಂದ ಗಾಳಿ ಬಿಟ್ಟಳು, ಎರಡನೇ ಸಲ ಅರ್ಧಕ್ಕೇ ಕೆಮ್ಮಿದಳು. ಎರಡೂ ಲೆಕ್ಕಕ್ಕಿಲ್ಲ. ಸರಿಯಾದ ಮೂರು ಬೇಕು, ಅವೂ ಒಂದಕ್ಕೊಂದು ಹೊಂದಬೇಕು. ಊದುವವರು ಮನಸ್ಸಿಟ್ಟು ಊದದಿದ್ದರೆ ಯಂತ್ರ ಎಷ್ಟು ಲಕ್ಷದ್ದಾದರೂ ದಂಡ. ಹಾಗಾಗಿ ಆ ಹುಡುಗಿಯ ಗಂಟಲೇ ಅರ್ಧ ಪರೀಕ್ಷೆ ಅನ್ನಿಸಿತು ನನಗೆ. ಆಮೇಲೆ ಶ್ವಾಸನಾಳ ಅಗಲಿಸುವ ಸಾಲ್ಬುಟಮಾಲ್ ಪಂಪನ್ನು ಸ್ಪೇಸರ್ ಡಬ್ಬಿಗೆ ಸಿಕ್ಕಿಸಿ ನಾಲ್ಕು ಸಲ ಎಳೆಸಿದಳು. ಹದಿನೈದು ನಿಮಿಷ ಕೂರಿಸಿ ಮತ್ತೆ ಅದೇ ಊದಾಟ. ದೊಡ್ಡಮ್ಮನ ಸೆರಗೆಲ್ಲ ಬೆವರು.

ಡಾಕ್ಟರು ಹಾಳೆ ನೋಡಿ ಒಂದು ಸಾಲಿನ ಕೆಳಗೆ ಗೀಟೆಳೆದರು. ಪಂಪ್ ಎಳೆದ ಮೇಲೂ ಒಟ್ಟು ಊದಿದ್ದು 1.9 ಲೀಟರ್, ಅದರಲ್ಲಿ ಮೊದಲ ಸೆಕೆಂಡಿಗೆ ಬಂದದ್ದು 1.05. ಅನುಪಾತ 0.55. ಔಷಧ ಎಳೆದ ಮೇಲೂ ಇದು 0.70ಕ್ಕಿಂತ ಕೆಳಗೇ ಉಳಿದರೆ ಶ್ವಾಸನಾಳ ಖಾಯಂ ಕಿರಿದಾಗಿದೆ ಅಂತ ಅರ್ಥ. ಬರೀ ಅಸ್ತಮಾ ಆಗಿದ್ದರೆ ಸಾಮಾನ್ಯವಾಗಿ ಪಂಪ್ ಎಳೆದ ಮೇಲೆ ಮೊದಲ ಸೆಕೆಂಡಿನ ಗಾಳಿ ಚೆನ್ನಾಗಿ ಏರಬೇಕಿತ್ತು, ಇವಳದು 70 ಮಿಲಿ ಅಷ್ಟೇ ಏರಿತ್ತು. ಶ್ವಾಸಕೋಶವೇ ಗಡುಸಾಗಿ ಕುಗ್ಗುವ ಕಾಯಿಲೆಯಲ್ಲಾದರೆ ಒಟ್ಟು ಗಾಳಿಯೇ ಕಡಿಮೆಯಾಗುತ್ತದೆ, ಅನುಪಾತ ಚೆನ್ನಾಗೇ ಇರುತ್ತದೆ. ಆಗ ಬೇರೆ ಪರೀಕ್ಷೆಗಳು ಬೇಕಂತೆ. ಇವಳದು ಸಿಒಪಿಡಿ, ಶ್ವಾಸನಾಳ ಕಿರಿದಾಗಿ ಉಸಿರು ಸಲೀಸಾಗಿ ಹೊರಬಾರದ ಖಾಯಂ ಕಾಯಿಲೆ.

"ಬೀಡಿ ಸೇದ್ತಿದ್ರಾ?"

"ಏ, ತಗೀರಿ! ನಾನ್ಯಾಕ ಸೇದ್ಲಿ?"

"ಮತ್ತೆ ಏನು ಕೆಲಸ ಮಾಡ್ತಿದ್ರಿ?"

ಮದುವೆಯಾಗಿ ಬಂದಾಗಿನಿಂದ ಮಂಡಕ್ಕಿ ಭಟ್ಟಿಯಲ್ಲಿ. ಭತ್ತದ ಹೊಟ್ಟಿನ ಬೆಂಕಿ, ಕಾದ ಮರಳು, ಒಮ್ಮೊಮ್ಮೆ ಹಳೇ ಟೈರು. ಮನೆಗೆ ಬಂದರೆ ಮತ್ತೆ ಸೌದೆ ಒಲೆ. ಡಾಕ್ಟರು ತಲೆಯಾಡಿಸಿ, ಬೀಡಿ ಮುಟ್ಟದ ಹೆಂಗಸರಿಗೆ ಈ ಕಾಯಿಲೆ ಬರೋದು ಹೆಚ್ಚಾಗಿ ಹೊಗೆಯಿಂದಲೇ ಅಂದರು. ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ನಡೆಯದ ಊರು ನಮ್ಮದು. ಆ ಬೆಂಕಿಯ ಮುಂದೆ ಕೂತವರ ಎದೆಯ ಲೆಕ್ಕ ಇಟ್ಟವರನ್ನು ನಾನಂತೂ ಕಂಡಿಲ್ಲ. ಹತ್ತಿಯ ಧೂಳಿನಲ್ಲಿ ದುಡಿಯುವವರಿಗೆ ರಜೆ ಕಳೆದು ಕೆಲಸಕ್ಕೆ ಬಂದ ಮೊದಲ ದಿನ ಎದೆ ಹಿಡಿದುಕೊಳ್ಳುತ್ತದೆ, ಪಾಳಿಗೆ ಮುಂಚೆ ಒಮ್ಮೆ, ಮುಗಿದ ಮೇಲೊಮ್ಮೆ ಊದಿಸಿದರೆ ಇಳಿತ ಕಾಣುತ್ತದೆ ಅಂತ ಡಾಕ್ಟರೇ ಹೇಳಿದರು. ಹತ್ತಿ ಮಿಲ್ಲುಗಳಿಂದ ಹೆಸರಾದ ಊರಲ್ಲಿ ಎಷ್ಟು ಜನ ಹಾಗೆ ಊದಿರಬಹುದು?

ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸಿಕೊಳ್ಳೋಣ ಅಂದರು. ದಿನಾ ಎಳೆಯೋ ಪಂಪು, ಫ್ಲೂ ಲಸಿಕೆ, ವರ್ಷಕ್ಕೊಮ್ಮೆ ಮತ್ತೆ ಊದೋದು, ಮತ್ತೆ ಹಿತ್ತಲಿನ ನೀರೊಲೆ ಬಂದ್. ಮಿಕ್ಕಿದ್ದೆಲ್ಲ ಒಪ್ಪಿದ ದೊಡ್ಡಮ್ಮ ನೀರೊಲೆಗೆ ತಗಾದೆ ತೆಗೆದಳು. "ಸ್ನಾನದ ನೀರು ಗ್ಯಾಸಿನಾಗ ಕಾಸಿದ್ರ ಸಿಲಿಂಡರ್ ಎಷ್ಟ್ ದಿನ ಬರ್ತತಿ?" ಅಣ್ಣ ಹೀಟರ್ ಕೊಡಿಸ್ತೀನಿ ಅಂದ. ಕರೆಂಟ್ ಬಿಲ್ ಯಾರಪ್ಪ ಕಟ್ಟಾನು ಅಂದಳು. ಆಟೋ ಮನೆ ಮುಟ್ಟುವವರೆಗೂ ಇದೇ ಜಗಳ. ಇಳಿಯುವಾಗ ಮಾತ್ರ ಭಟ್ಟಿಯಲ್ಲಿ ಇನ್ನೂ ದುಡಿಯುವ ಓರಗಿತ್ತಿಯ ಸುದ್ದಿ ತೆಗೆದಳು: "ಅಕಿನೂ ಹಿಂಗ ಏದ್ತಾಳ. ಸೋಮವಾರ ಕರ್ಕಂಡು ಹೋಗಾನ, ನೀನೂ ಬಾ. ಊದೋದು ಹೆಂಗಂತ ನಾನೇ ಹೇಳಿಕೊಡ್ತೀನಿ."