ವಿದೇಶಿ ಸಾಲಕ್ಕೂ ಕಾಡಿಗೂ ಏನು ಸಂಬಂಧ?

‘ದೇಶದ ವಿದೇಶಿ ಸಾಲ ಹೆಚ್ಚಾದರೆ ಪರಿಸರ ಕೆಡುತ್ತದೆಯೇ?’ ಎಂದು ಕೇಳುವವರು ಸಾಮಾನ್ಯವಾಗಿ ಸಾಲದ ಒಟ್ಟು ಮೊತ್ತವನ್ನಷ್ಟೇ ನೋಡಿರುತ್ತಾರೆ. ನಾನು ಮೊದಲು ನೋಡುವುದು ಕಂತನ್ನು ಯಾವ ಕರೆನ್ಸಿಯಲ್ಲಿ ಕಟ್ಟಬೇಕು, ಆ ಹಣ ಯಾವುದರಿಂದ ಬರುತ್ತದೆ ಎಂಬುದನ್ನು.

ಸರ್ಕಾರ ತನ್ನ ನೋಟನ್ನು ಅಚ್ಚು ಹಾಕಬಹುದು, ಡಾಲರನ್ನು ಹಾಕಲಾಗದು. ಡಾಲರ್ ಬರಬೇಕೆಂದರೆ ಹೆಚ್ಚಾಗಿ ರಫ್ತಾಗಬೇಕು. ಅನೇಕ ಬಡ ದೇಶಗಳಲ್ಲಿ ಬೇಗ ಮಾರಾಟವಾಗುವ ಸರಕೆಂದರೆ ತೈಲ, ಅದಿರು, ಮರ. ದಕ್ಷಿಣ ಅಮೆರಿಕದ ಎಕ್ವಡಾರ್ 2009ರಿಂದ ಚೀನಾದಲ್ಲಿ ಮಾಡಿದ ಸಾಲಗಳನ್ನು ತೈಲ ಮಾರಾಟಕ್ಕೇ ಜೋಡಿಸಿತು. ಇಂಥ ಒಪ್ಪಂದದ ಲೆಕ್ಕ ಹೀಗಿರುತ್ತದೆ: ಬ್ಯಾರೆಲ್‌ಗೆ 100 ಡಾಲರ್ ಇದ್ದರೆ 100 ಕೋಟಿ ಡಾಲರ್ ತೀರಿಸಲು 1 ಕೋಟಿ ಬ್ಯಾರೆಲ್ ಸಾಕು, ಬೆಲೆ 50ಕ್ಕಿಳಿದರೆ 2 ಕೋಟಿ ಬೇಕು. ಬೆಲೆ ಬಿದ್ದಷ್ಟೂ ಹೆಚ್ಚು ಕೊರೆಯಬೇಕಾದ ಈ ಒತ್ತಡವೇ ನನಗೆ ಅತ್ಯಂತ ಅಪಾಯಕಾರಿಯಾಗಿ ಕಾಣುವುದು.

ಇನ್ನೊಂದು ಪೆಟ್ಟು ಬಜೆಟ್ಟಿನಲ್ಲಿ ಬೀಳುತ್ತದೆ. ಬಡ್ಡಿ ತಪ್ಪಿಸುವಂತಿಲ್ಲ, ಹಾಗಾಗಿ ಅರಣ್ಯ ಕಾವಲುಗಾರರ ನೇಮಕ, ಗಸ್ತು ಜೀಪಿನ ಡೀಸೆಲ್, ನದಿ ನೀರಿನ ಪರೀಕ್ಷೆಗೆ ಕತ್ತರಿ ಬೀಳುತ್ತದೆ. ಆ ವರ್ಷ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಸಾಲದ ಹಣ ಎಲ್ಲಿಗೆ ಹೋಯಿತೆಂಬುದೂ ಮುಖ್ಯ. 1980ರ ದಶಕದಲ್ಲಿ ವಿಶ್ವ ಬ್ಯಾಂಕ್ ಸಾಲದಿಂದ ಬ್ರೆಜಿಲ್ ಬಿಆರ್-364 ಹೆದ್ದಾರಿಗೆ ಡಾಂಬರು ಹಾಕಿಸಿತು. ರಸ್ತೆಯ ಹಿಂದೆಯೇ ವಲಸಿಗರು ಬಂದು ಅಮೆಜಾನ್‌ ಪ್ರದೇಶದ ರೊಂಡೋನಿಯಾ ರಾಜ್ಯದ ಕಾಡು ಕಡಿದರು. 1985ರಲ್ಲಿ ಬ್ಯಾಂಕೇ ಹಣ ಬಿಡುಗಡೆ ನಿಲ್ಲಿಸಬೇಕಾಯಿತು. ಅದೇ ಸಾಲ ಕೊಳಚೆ ನೀರು ಶುದ್ಧೀಕರಣಕ್ಕೋ ರೈಲಿಗೋ ಹೋದರೆ ಪರಿಸರ ಸುಧಾರಿಸಲೂಬಹುದು.

ಸಾಲ ಕಡಿಮೆ ಮಾಡಿ ಕಾಡು ಉಳಿಸುವ ವಿನಿಮಯವೂ ಉಂಟು. 1987ರಲ್ಲಿ ಕನ್ಸರ್ವೇಷನ್ ಇಂಟರ್‌ನ್ಯಾಷನಲ್ ಎಂಬ ಪರಿಸರ ಸಂರಕ್ಷಣಾ ಸಂಸ್ಥೆ ಬೊಲಿವಿಯಾದ 6.5 ಲಕ್ಷ ಡಾಲರ್ ಸಾಲಪತ್ರಗಳನ್ನು 1 ಲಕ್ಷಕ್ಕೆ ಕೊಂಡು ಮನ್ನಾ ಮಾಡಿತು. ತೀರುವ ಭರವಸೆ ಕಡಿಮೆಯಿದ್ದುದರಿಂದ ಸಾಲಪತ್ರ ಅಷ್ಟು ಅಗ್ಗಕ್ಕೆ ಸಿಕ್ಕಿತು. ಬದಲಿಗೆ ಬೆನಿ ಪ್ರದೇಶದ ರಕ್ಷಣೆಗೆ ಸರ್ಕಾರ ಸ್ಥಳೀಯ ಹಣದಲ್ಲಿ ನಿಧಿ ಇಡಬೇಕಿತ್ತು. ನಿಧಿ ತಡವಾಯಿತು, ಸುತ್ತಲಿನ ಚಿಮಾನೆಸ್ ಕಾಡಿನಲ್ಲಿ ಮರ ಕಡಿತ ಮುಂದುವರಿಯಿತು. ಅಲ್ಲಿನ ಮೂಲನಿವಾಸಿಗಳು ತಮ್ಮ ನೆಲದ ಹಕ್ಕಿಗಾಗಿ 1990ರಲ್ಲಿ ಸರ್ಕಾರದ ಕೇಂದ್ರವಾದ ಲಾ ಪಾಸ್‌ವರೆಗೆ ನಡೆದೇ ಹೋದರು. 2023ರಲ್ಲಿ ಎಕ್ವಡಾರ್ ಸುಮಾರು 163 ಕೋಟಿ ಡಾಲರ್ ಮುಖಬೆಲೆಯ ಬಾಂಡುಗಳನ್ನು ಸುಮಾರು 65 ಕೋಟಿಯ ಹೊಸ ಸಾಲದಿಂದ ಮರಳಿ ಪಡೆದು, ಉಳಿತಾಯದ ಒಂದು ಪಾಲನ್ನು ತನ್ನ ಗಲಾಪಗೋಸ್ ದ್ವೀಪಗಳ ಸುತ್ತಲಿನ ಸಮುದ್ರದ ರಕ್ಷಣೆಗೆ ಮೀಸಲಿಟ್ಟಿತು.

ಇಂಥ ಒಪ್ಪಂದ ಕೈಗೆ ಸಿಕ್ಕರೆ ನಿಧಿ ಯಾವ ಕರೆನ್ಸಿಯಲ್ಲಿದೆ ನೋಡಿ. ಸ್ಥಳೀಯ ಹಣವಾದರೆ ಹಣದುಬ್ಬರ ಅದನ್ನು ತಿಂದುಹಾಕಬಹುದು. ಆಮೇಲೆ, ಅಲ್ಲೇ ಬದುಕುವವರ ಸಹಿ ಇದೆಯೇ ಹುಡುಕಿ.