ನೀರುಗಂಟಿ ಪುಸ್ತಕ: ಮೂರನೇ ಅಧ್ಯಾಯದ ಕಥೆ

ಜೂನ್ 8

ಮೂರನೇ ಅಧ್ಯಾಯ ಇವತ್ತು ಬೆಳಗ್ಗೆ ಮುಗಿಯಿತು. 18 ಪುಟ. ಮಾರ್ಚ್‌ನಿಂದ ಇದೊಂದರಲ್ಲೇ ಸಿಕ್ಕಿಕೊಂಡಿದ್ದೆ, ಹಾಗಾಗಿ ಖುಷಿ ಜಾಸ್ತಿ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾನು ಸಮಾಜಶಾಸ್ತ್ರ ಓದಿದವಳು. ಕೋಲಾರ ಜಿಲ್ಲೆಯ ನೀರುಗಂಟಿಗಳ, ಅಂದರೆ ಊರಿನ ಕೆರೆ ನೀರು ಹಂಚುವವರ ಮೇಲೆ ಪಿಎಚ್‌.ಡಿ. ಮಾಡಿದೆ, ಕೆಲವು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಅದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಈಗ ಬೇರೆಯವರ ಪುಸ್ತಕ ತಿದ್ದುವುದು, ಲೇಖನ ಬರೆಯುವುದು, ಇದರಲ್ಲೇ ಮನೆ ನಡೆಯುತ್ತದೆ. ಬೆಳಗ್ಗೆ 5ರಿಂದ 7ರವರೆಗೆ ಮಾತ್ರ ನನ್ನ ಸ್ವಂತ ಪುಸ್ತಕ. ಪಿಎಚ್‌.ಡಿ. ಪ್ರಬಂಧ ಇಂಗ್ಲಿಷಿನಲ್ಲಿತ್ತು. ಅದರೊಳಗೆ ಇರುವ ಜನರಲ್ಲಿ ಒಬ್ಬರೂ ಅದನ್ನು ಓದಲಿಲ್ಲ. ಅವರ ಮನೆಯಲ್ಲಿ ಕೂತು ಓದಬಹುದಾದ ಪುಸ್ತಕ ಬೇಕು ಅಂತ ಇದನ್ನು ಶುರು ಮಾಡಿದೆ.

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆಗಳೇ ಎಲ್ಲ. ಕೆರೆಯಿಂದ ನೀರು ಬಿಡುವ ತೂಬು ತೆಗೆಯುವುದು, ಅಚ್ಚುಕಟ್ಟಿನ (ಕೆರೆ ನೀರು ಹಾಯುವ ಜಮೀನಿನ) ಪ್ರತಿ ಗದ್ದೆಗೂ ಸರದಿಯಂತೆ ನೀರು ಹಾಯಿಸುವುದು, ಮಳೆ ಜೋರಾದರೆ ಕೆರೆ ಏರಿ ಕಾಯುವುದು ನೀರುಗಂಟಿಯ ಕೆಲಸ. ಕೂಲಿ ದುಡ್ಡಲ್ಲ, ಸುಗ್ಗಿಯಲ್ಲಿ ಪ್ರತಿ ರೈತನಿಂದ ಕಾಳು. ಹೆಚ್ಚಿನವರು ದಲಿತರು. ಊರಿನ ನೀರೆಲ್ಲ ಅವರ ಕೈಯಲ್ಲಿ, ಆದರೆ ಅಚ್ಚುಕಟ್ಟಿನ ಜಮೀನು ಬಹುಪಾಲು ಬೇರೆಯವರದು. ಯಾರ ಗದ್ದೆಗೆ ಮೊದಲು ನೀರು ಅಂತ ಹೇಳುವ ಮನುಷ್ಯ, ಸುಗ್ಗಿಯಲ್ಲಿ ಅದೇ ಯಜಮಾನನ ಕಣದ ಅಂಚಿನಲ್ಲಿ ನಿಂತು ಕಾಯಬೇಕಿತ್ತು. ಪ್ರಬಂಧದಲ್ಲಿ ಇದು ಒಂದು ಕೋಷ್ಟಕವಾಗಿತ್ತು. ಕನ್ನಡದಲ್ಲಿ ಬರೆಯಲು ಕೂತಾಗ ಕೋಷ್ಟಕ ಸಾಲಲಿಲ್ಲ. ಹಳೇ ನೋಟ್‌ಬುಕ್ ತೆಗೆದೆ. ನಾನು ತುಂಬ ದಿನ ಜೊತೆಗೆ ತಿರುಗಿದ ನೀರುಗಂಟಿ ತಾತ ಹೇಳಿದ ಮಾತು ಅಲ್ಲಿತ್ತು: "ಕೊನೇ ಗದ್ದೆಗೆ ನೀರು ಮುಟ್ಟೋವರೆಗೂ ನಾನು ಉಣ್ಣೋಕೆ ಹೋಗಲ್ಲಮ್ಮ." ಅಧ್ಯಾಯ ಅಲ್ಲಿಂದ ಶುರುವಾಯಿತು.

ನೋಟ್‌ಬುಕ್ ಅಂದಾಗ ಒಂದು ಮಾತು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಕಡೆಯ ಒಂದು ಹಳ್ಳಿಯಲ್ಲಿದ್ದು ಮಾಡಿಕೊಂಡ ಟಿಪ್ಪಣಿಗಳ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿದವು. ಆಮೇಲೆ ಅವರು ನೆನಪಿನಿಂದಲೇ ಪುಸ್ತಕ ಬರೆದರು. ಅಷ್ಟು ನೆನಪು ನನಗಿಲ್ಲ. ಹಾಗಾಗಿ ಹೋದ ತಿಂಗಳು 23 ನೋಟ್‌ಬುಕ್ಕನ್ನೂ ಸ್ಕ್ಯಾನ್ ಮಾಡಿ ಮೂರು ಕಡೆ ಇಟ್ಟೆ. ಕ್ಷೇತ್ರಕಾರ್ಯ ಮಾಡಿದವರೆಲ್ಲ ದಯವಿಟ್ಟು ಇದನ್ನು ಮಾಡಿ.

ಜೂನ್ 11

ಮೂರು ದಿನ ಸ್ವಂತ ಪುಸ್ತಕ ಮುಟ್ಟಲಿಲ್ಲ. ತಿದ್ದಲು ಬಂದ 280 ಪುಟದ ಹಸ್ತಪ್ರತಿ 'ನುಡಿ' ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಆಗಿತ್ತು. ಯೂನಿಕೋಡ್‌ಗೆ ಬದಲಿಸಿದಾಗ ಒತ್ತಕ್ಷರ, ಅರ್ಕಾವತ್ತು ಎಲ್ಲ ಚೆಲ್ಲಾಪಿಲ್ಲಿ. ಪುಟ ಪುಟ ಕೂತು ಸರಿ ಮಾಡಿದೆ. ಇದಕ್ಕೆ ಬೇರೆ ದುಡ್ಡು ಕೇಳಬೇಕು ಅಂತ ಈಗ ಕಲಿತೆ. ಇನ್ನು ಮೇಲೆ ಒಪ್ಪಿಕೊಳ್ಳುವ ಮೊದಲೇ ಹತ್ತು ಪುಟ ತರಿಸಿಕೊಂಡು ನೋಡುತ್ತೇನೆ. ಜನವರಿಯಲ್ಲಿ ಮುಗಿಸಿದ ಒಂದು ಕೆಲಸದ ಬಾಕಿಯೂ ಇನ್ನೂ ಬಂದಿಲ್ಲ.

ಜೂನ್ 12

ಹೆಸರಿನ ಪ್ರಶ್ನೆ. ಪ್ರಬಂಧದಲ್ಲಿ ಊರಿನ ಹೆಸರು, ಜನರ ಹೆಸರು ಎಲ್ಲ ಬದಲಿಸಿದ್ದೆ. ನಮ್ಮಲ್ಲಿ ಅದು ರೂಢಿ. ಶ್ರೀನಿವಾಸರೂ ತಾವಿದ್ದ ಕೊಡಗಹಳ್ಳಿಯನ್ನು ರಾಂಪುರ ಅಂತಲೇ ಬರೆದರು. ಆದರೆ ತಾತ ತೀರಿಕೊಂಡ ಮೇಲೆ ಅವರ ಮೊಮ್ಮಗ ಫೋನ್ ಮಾಡಿ ಕೇಳಿದ್ದ: "ಅಕ್ಕಾ, ನಮ್ ತಾತನ ಬಗ್ಗೆ ಬರೆದು ಬೇರೆ ಹೆಸರು ಯಾಕೆ ಹಾಕಿದ್ರಿ?" ನಾನು ಕೊಟ್ಟ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಅವರ ಕೆಲಸಕ್ಕೆ ಅವರ ಹೆಸರು ಸಲ್ಲಬೇಕು, ಅಲ್ವಾ? ಇನ್ನೊಂದು ಕಡೆ, ಅದೇ ಅಧ್ಯಾಯದಲ್ಲಿ ಜಮೀನ್ದಾರರ ಜೊತೆಗಿನ ಒಂದು ಜಗಳವಿದೆ. ಆ ಜಮೀನ್ದಾರರ ಕುಟುಂಬ ಈಗಲೂ ಅಲ್ಲೇ ಇದೆ. ನಾನು ಬರೆದು ಬೆಂಗಳೂರಿಗೆ ಬಂದುಬಿಡುತ್ತೇನೆ, ತಾತನ ಮನೆಯವರು ಅಲ್ಲೇ ಬಾಳಬೇಕು.

ತೀರ್ಮಾನ: ಅಧ್ಯಾಯವನ್ನು ಮನೆಯವರ ಮುಂದೆ ಪೂರ್ತಿ ಓದುವುದು. ಅವರು ಸರಿ ಅಂದರೆ ತಾತನ ನಿಜವಾದ ಹೆಸರು. ಜಗಳದ ಭಾಗ ಇರಬೇಕೋ ಬೇಡವೋ ಅನ್ನುವುದೂ ಅವರದೇ ಮಾತು.

ಜೂನ್ 15

ತಾತನ ಊರಿಗೆ ಹೋಗಿ ಬಂದೆ. ಕೆರೆ ತುಂಬಿದೆ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಹೆಚ್ಚಿಸಲಿಕ್ಕೆ ಬಿಡುವ ನೀರು, ತೂಬು ತೆಗೆದು ಗದ್ದೆಗೆ ಹಾಯಿಸಲಿಕ್ಕಲ್ಲ. ಬೋರ್‌ವೆಲ್‌ಗೆ ನೀರು ಬಂದಿದೆ ಅಂತ ಊರಲ್ಲಿ ಸಂತೋಷವಿದೆ. ನಾನು ಮುಚ್ಚಿದ ತೂಬಿನ ಕಲ್ಲುಕಂಬ ನೋಡುತ್ತಾ ಸ್ವಲ್ಪ ಹೊತ್ತು ಏರಿ ಮೇಲೆ ನಿಂತಿದ್ದೆ.

ಜಗುಲಿಯಲ್ಲಿ ಕೂತು ಓದಿದೆ. ಸುಮಾರು ಒಂದು ಗಂಟೆ ಹಿಡಿಯಿತು. ಹೆಸರು ಹಾಕಿ ಅಂದರು, ಜಗಳವೂ ಇರಲಿ ಅಂದರು. ಅಜ್ಜಿ ಮಾತ್ರ ಸುಮ್ನೆ ಕೂತಿದ್ದರು. ಕೊನೆಗೆ ಕೇಳಿದರು: "ಮಳೆ ರಾತ್ರಿ ಲಾಟೀನು ಹಿಡ್ಕೊಂಡು ಏರಿ ಮೇಲೆ ನಾನೂ ಕೂತಿದ್ದೆ. ಅವರಿಗೆ ಜ್ವರ ಬಂದಾಗ ನಾನೇ ನೀರು ತಿರುಗಿಸಿದ್ದೆ. ಅದೆಲ್ಲಿ ಬರೆದಿದ್ಯಮ್ಮ?"

ಎಲ್ಲೂ ಬರೆದಿರಲಿಲ್ಲ. ಅಷ್ಟು ಸಲ ಆ ಮನೆಯಲ್ಲಿ ಊಟ ಮಾಡಿದ್ದೇನೆ, ಒಂದು ಸಲವೂ ಅವರನ್ನು ಕೇಳಿರಲಿಲ್ಲ. ಬ್ಯಾಗಿನಿಂದ ಹೊಸ ನೋಟ್‌ಬುಕ್ ತೆಗೆದೆ. ಸಂಜೆ ಬಸ್ಸು ಬಿಟ್ಟು, ರಾತ್ರಿ ಅಲ್ಲೇ ಉಳಿದು 14 ಪುಟ ಬರೆದುಕೊಂಡೆ. ಮುಂದಿನ ವಾರ ಮತ್ತೆ ಹೋಗುತ್ತಿದ್ದೇನೆ. ಮೂರನೇ ಅಧ್ಯಾಯ ಮೊದಲಿನಿಂದ.